ಆನ್‌ಲೈನ್ ಹೈಸ್ಕೂಲ್ ಕೋರ್ಸ್‌ಗಳ ನೋಂದಣಿ ಕ್ರಮದಲ್ಲಿ ಬದಲಾವಣೆ: ಕ್ಯಾಲಿಫೋರ್ನಿಯಾದ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರಗಳು. ಬರುವ ಬೇಸಿಗೆಯಿಂದ ನಮ್ಮ ಸಹಕಾರಿ ಬೋಧನಾ ಕೇಂದ್ರದಲ್ಲಿ ಎರಡು ಬದಲಾವಣೆಗಳು ಜಾರಿಗೆ ಬರಲಿವೆ. ಮಗುವಿನ ಹೈಸ್ಕೂಲಿನ ಕೌನ್ಸೆಲರ್ (ಕೋರ್ಸ್ ಆಯ್ಕೆಗೆ ಮಾರ್ಗದರ್ಶನ ನೀಡುವ ಶಾಲಾ ಸಿಬ್ಬಂದಿ) ಅವರ ಲಿಖಿತ ಒಪ್ಪಿಗೆ ನಮ್ಮ ಕೈಸೇರುವವರೆಗೆ ಯಾವ ಆನ್‌ಲೈನ್ ಕೋರ್ಸಿಗೂ ಹೆಸರು ನೋಂದಾಯಿಸಿಕೊಳ್ಳುವುದಿಲ್ಲ, ಶುಲ್ಕವನ್ನೂ ಪಡೆಯುವುದಿಲ್ಲ. ಜೊತೆಗೆ, ನಮ್ಮದೇ ಪಠ್ಯಕ್ರಮದಲ್ಲಿ ನಡೆಯುತ್ತಿದ್ದ ಬೇಸಿಗೆಯ ಜಾಮೆಟ್ರಿ (ರೇಖಾಗಣಿತ) ತರಗತಿಯನ್ನು ನಿಲ್ಲಿಸಿ, ಮಾನ್ಯತೆ ಪಡೆದ ಆನ್‌ಲೈನ್ ಶಾಲೆಗಳಲ್ಲಿ ಅದೇ ವಿಷಯ ಓದುತ್ತಿರುವ ಮಕ್ಕಳಿಗೆ ವಾರದ ಪಾಠ ಹೇಳಿಕೊಡುವ ಕೆಲಸವನ್ನಷ್ಟೇ ಮುಂದುವರಿಸುತ್ತೇವೆ.

ಕಾರಣವನ್ನು ವಿವರವಾಗಿ ತಿಳಿಸುವುದು ಅಗತ್ಯ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಮತ್ತು ಕ್ಯಾಲ್ ಸ್ಟೇಟ್ (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಎರಡೂ ಪ್ರವೇಶಕ್ಕೆ ‘ಎ-ಜಿ’ ಎಂಬ ಏಳು ವಿಷಯ ಗುಂಪುಗಳಲ್ಲಿ ಒಟ್ಟು 15 ವಾರ್ಷಿಕ ಕೋರ್ಸ್‌ಗಳನ್ನು ಕೇಳುತ್ತವೆ: ಇತಿಹಾಸ 2, ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಇಂಗ್ಲಿಷೇತರ ಭಾಷೆ 2, ದೃಶ್ಯ ಅಥವಾ ಪ್ರದರ್ಶನ ಕಲೆ 1, ಐಚ್ಛಿಕ 1. ಪ್ರತಿಯೊಂದರಲ್ಲೂ ‘ಸಿ’ ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಬೇಕು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕಾದರೆ ಇವುಗಳಲ್ಲಿ 11 ಕೋರ್ಸ್‌ಗಳು 12ನೆಯ ತರಗತಿ ಶುರುವಾಗುವ ಮೊದಲೇ ಮುಗಿದಿರಬೇಕು. ಈ ಎರಡೂ ವ್ಯವಸ್ಥೆಗಳು ಎಸ್‌ಎಟಿ, ಎಸಿಟಿ ಎಂಬ ಪ್ರವೇಶ ಪರೀಕ್ಷೆಗಳ ಅಂಕಗಳನ್ನು ಪ್ರವೇಶ ನಿರ್ಧಾರಕ್ಕೆ ಬಳಸುವುದನ್ನು ಕೈಬಿಟ್ಟಿರುವುದರಿಂದ, ಯಾವ ಕೋರ್ಸನ್ನು ಎಲ್ಲಿ ಓದಿ ಯಾವ ಗ್ರೇಡ್ ಪಡೆದರು ಎಂಬುದಕ್ಕೆ ಈಗ ಇನ್ನಷ್ಟು ತೂಕ ಬಂದಿದೆ.

ಊರಿನಲ್ಲಿ ಪಿಯುಸಿ ಓದಿ ಬಂದ ನಮಗೆ ಒಂದು ಬೋರ್ಡು, ಒಂದು ಅಂಕಪಟ್ಟಿ ಎಂಬ ವ್ಯವಸ್ಥೆ ರೂಢಿ. ಇಲ್ಲಿ ಪ್ರತಿ ಹೈಸ್ಕೂಲೂ ತನ್ನದೇ ಎ-ಜಿ ಕೋರ್ಸ್ ಪಟ್ಟಿಯನ್ನು ಹೊಂದಿರುತ್ತದೆ, ಆ ಪಟ್ಟಿಯ ಒಂದೊಂದು ಕೋರ್ಸಿಗೂ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಅನುಮೋದನೆ ಬೇಕಾಗುತ್ತದೆ. ಹಾಗಾಗಿ ಆನ್‌ಲೈನ್ ಕೋರ್ಸ್ ಸಲ್ಲಬೇಕಾದರೆ ಒಂದೋ ಅದನ್ನು ನಡೆಸುವ ಆನ್‌ಲೈನ್ ಶಾಲೆಗೇ ಅನುಮೋದಿತ ಪಟ್ಟಿಯಿರಬೇಕು, ಇಲ್ಲವೇ ಮಗುವಿನ ಸ್ವಂತ ಶಾಲೆ ಅನುಮೋದಿತ ಆನ್‌ಲೈನ್ ಕೋರ್ಸನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿರಬೇಕು. ನಮ್ಮ ಕೇಂದ್ರ ಶಾಲೆಯಲ್ಲ. ಇಲ್ಲಿ ಎಷ್ಟೇ ಚೆನ್ನಾಗಿ ಕಲಿತರೂ ನಾವು ಕೊಡುವ ಪ್ರಮಾಣಪತ್ರ ಯಾವ ಟ್ರಾನ್ಸ್‌ಕ್ರಿಪ್ಟಿಗೂ (ಶಾಲೆಯ ಅಧಿಕೃತ ಗ್ರೇಡ್ ದಾಖಲೆ) ಸೇರುವುದಿಲ್ಲ. ಜಾಮೆಟ್ರಿಯಲ್ಲಿ ಇದು ಹೆಚ್ಚು ಮುಖ್ಯ, ಏಕೆಂದರೆ ಆಲ್‌ಜೀಬ್ರಾ 1 ಎಂಬ ಮೊದಲ ಬೀಜಗಣಿತ ಕೋರ್ಸಿನ ಕೊರತೆಯನ್ನು ಮೇಲಿನ ಗಣಿತ ಕೋರ್ಸ್ ತುಂಬಬಲ್ಲದಾದರೂ ಜಾಮೆಟ್ರಿಯನ್ನೇ ಬಿಟ್ಟವರಿಗೆ ಆ ಸೌಲಭ್ಯವಿಲ್ಲ.

ಕೌನ್ಸೆಲರ್ ಒಪ್ಪಿಗೆಯನ್ನು ಮೊದಲು ಕೇಳುತ್ತಿರುವುದೂ ಇದೇ ಕಾರಣಕ್ಕೆ. ಹೊರಗಿನ ಕ್ರೆಡಿಟ್ ಒಪ್ಪುವ ವಿಷಯದಲ್ಲಿ ಒಂದೊಂದು ಸ್ಕೂಲ್ ಡಿಸ್ಟ್ರಿಕ್ಟಿನದು (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ ಘಟಕ) ಒಂದೊಂದು ನಿಯಮ. ವಿಶ್ವವಿದ್ಯಾಲಯಕ್ಕೆ ಸಲ್ಲುವ ಕೋರ್ಸ್ ಹೈಸ್ಕೂಲ್ ಮುಗಿಸಿದ ಡಿಪ್ಲೊಮಾಗೆ ಸಲ್ಲದೇ ಇರಬಹುದು; ಶಾಲೆಯು ಅದರ ಆಧಾರದ ಮೇಲೆ ಮುಂದಿನ ಗಣಿತ ತರಗತಿಗೆ ಸೇರಿಸಿಕೊಳ್ಳಲು ನಿರಾಕರಿಸಲೂಬಹುದು. ಹೊರಗೆ ಓದಿದ ಕೋರ್ಸನ್ನು ಅರ್ಜಿಯಲ್ಲಿ ಆ ಆನ್‌ಲೈನ್ ಶಾಲೆಯ ಹೆಸರಿನಲ್ಲೇ ನಮೂದಿಸಬೇಕು, ಪ್ರವೇಶ ಸಿಕ್ಕ ಮೇಲೆ ಅಲ್ಲಿನ ಟ್ರಾನ್ಸ್‌ಕ್ರಿಪ್ಟನ್ನೂ ತರಿಸಿ ಕಳುಹಿಸಬೇಕು. ಪ್ರವೇಶ ಅಂತಿಮವಾಗುವುದು ಆ ದಾಖಲೆಗಳನ್ನು ಪರಿಶೀಲಿಸಿದ ನಂತರವೇ.

‘ಬಿ’ ಬಂದ ಕೋರ್ಸನ್ನು ಆನ್‌ಲೈನಿನಲ್ಲಿ ಮತ್ತೆ ಓದಿ ‘ಎ’ ಮಾಡಿಕೊಳ್ಳಬಹುದೇ ಎಂದು ಅನೇಕರು ಕೇಳುತ್ತಾರೆ. ‘ಡಿ’ ಅಥವಾ ‘ಎಫ್’ ಬಂದಿದ್ದರೆ ಮಾತ್ರ ಮತ್ತೆ ಓದಿದ ಗ್ರೇಡ್ ಲೆಕ್ಕಕ್ಕೆ ಬರುತ್ತದೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಜಿಪಿಎ (ಗ್ರೇಡ್‌ಗಳ ಸರಾಸರಿ) ಲೆಕ್ಕ ಹಾಕುವುದು 9ನೆಯ ತರಗತಿಯ ನಂತರದ ಬೇಸಿಗೆಯಿಂದ 11ನೆಯ ತರಗತಿಯ ನಂತರದ ಬೇಸಿಗೆಯವರೆಗಿನ ಎ-ಜಿ ಕೋರ್ಸ್‌ಗಳಿಗೆ. ಹೀಗಿರುವಾಗ 8ನೆಯ ತರಗತಿ ಮುಗಿದ ಕೂಡಲೇ ಇಡೀ ವರ್ಷದ ಜಾಮೆಟ್ರಿಯನ್ನು ಕೆಲವೇ ವಾರಗಳಲ್ಲಿ ಮುಗಿಸುವ ಅವಸರ ಎಲ್ಲ ಮಕ್ಕಳಿಗೂ ಬೇಕಿಲ್ಲವೆಂಬುದು ನಮ್ಮ ಅಭಿಪ್ರಾಯ.

ಖಾಸಗಿಯಾಗಿ ಕಲಿತ ಭರತನಾಟ್ಯ ಅಥವಾ ಕರ್ನಾಟಕ ಸಂಗೀತ, ರಂಗಪ್ರವೇಶವಾಗಿದ್ದರೂ, ಕಲೆಯ ಕೋರ್ಸಿನ ಬದಲಿಗೆ ಸಲ್ಲುವುದಿಲ್ಲ. ಅರ್ಜಿಯಲ್ಲಿ ಅದಕ್ಕೆ ಬೇರೆ ಜಾಗವಿದೆ. ಇದಕ್ಕೆ ವಿರುದ್ಧವಾಗಿ, ಕರ್ನಾಟಕದಲ್ಲಿ 6ನೆಯ ತರಗತಿ ಅಥವಾ ಅದಕ್ಕೂ ಮೇಲೆ ಎರಡು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿ ಇಲ್ಲಿಗೆ ಬಂದ ಮಕ್ಕಳು ಭಾಷೆಯ ಅಗತ್ಯವನ್ನು ಆಗಲೇ ಪೂರೈಸಿರುತ್ತಾರೆ. ಅಂಥವರು ಆನ್‌ಲೈನ್ ಸ್ಪ್ಯಾನಿಷ್‌ಗೆ ಹಣ ಕಟ್ಟುವ ಮೊದಲು ಹಳೆಯ ಶಾಲೆಯ ದಾಖಲೆಗಳನ್ನು ಕೌನ್ಸೆಲರ್‌ಗೆ ತೋರಿಸಬೇಕೆಂದು ಕೋರುತ್ತೇವೆ.

ಖಾಸಗಿ ಕಾಲೇಜುಗಳ ಮತ್ತು ಬೇರೆ ರಾಜ್ಯಗಳ ನಿಯಮಗಳು ಬೇರೆಯಾದ್ದರಿಂದ ಅವನ್ನು ಆಯಾ ಕಾಲೇಜಿನಲ್ಲೇ ವಿಚಾರಿಸಿಕೊಳ್ಳಬೇಕು.

ಜಾಮೆಟ್ರಿ ತರಗತಿಗೆ ಈಗಾಗಲೇ ಮುಂಗಡ ಕಟ್ಟಿದವರು ಪೂರ್ಣ ಹಣವನ್ನು ಹಿಂದಕ್ಕೆ ಪಡೆಯಬಹುದು, ಅಥವಾ ಅದನ್ನು ವಾರದ ಪಾಠಗಳ ಶುಲ್ಕಕ್ಕೆ ವರ್ಗಾಯಿಸಿಕೊಳ್ಳಬಹುದು. ಒಪ್ಪಿಗೆ ಪತ್ರದ ನಮೂನೆ ಕಚೇರಿಯಲ್ಲಿ ದೊರೆಯುತ್ತದೆ. ಅದರಲ್ಲಿ ಕೋರ್ಸಿನ ಪೂರ್ಣ ಹೆಸರು, ಆನ್‌ಲೈನ್ ಶಾಲೆಯ ಹೆಸರು, ಎ-ಜಿ ಗುಂಪು, ಒಂದು ಸೆಮಿಸ್ಟರೋ ಎರಡೋ ಎಂಬ ವಿವರ ಮತ್ತು ಕೌನ್ಸೆಲರ್ ಸಹಿ ಇರಬೇಕು. ಬೇಸಿಗೆ ರಜೆಯಲ್ಲಿ ಕೌನ್ಸೆಲರ್‌ಗಳು ಸಿಗುವುದು ಕಷ್ಟವಾದ್ದರಿಂದ ಶಾಲೆ ಮುಚ್ಚುವ ಮೊದಲೇ ಸಹಿ ಪಡೆದುಕೊಳ್ಳಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ಆಡಳಿತ ಮಂಡಳಿಯ ಪರವಾಗಿ