ಪಟ್ಟಿ ಮಾಡುವ ಅಮ್ಮನಿಂದ

ಪ್ರೀತಿಯ ಪುಟ್ಟೀ,

ಮೊನ್ನೆ ಫೋನಿನಲ್ಲಿ ನೀನು "ಅಮ್ಮಾ, ನೀನು ಮಾಡುತ್ತಿದ್ದಂಥ ಸೈನ್ಯದ ಪ್ಲಾನಿಂಗ್ ಕೆಲಸವೇ ಸಿಕ್ಕಿದೆ, ಸೇರಲಾ?" ಅಂತ ಕೇಳಿದೆ. ನಾನು "ನೋಡೋಣ" ಅಂದು ಮಾತು ತೇಲಿಸಿದೆ. ಬೇಜಾರು ಮಾಡಿಕೊಳ್ಳಬೇಡ. 29 ವರ್ಷದ ಅಭ್ಯಾಸ ಅದು. ಆಫೀಸಿನ ವಿಷಯ ಬಂದ ಕೂಡಲೇ ಬಾಯಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ಮೂರನೇ ಕ್ಲಾಸಿನಲ್ಲಿ ನೀನು 'ನನ್ನ ಅಮ್ಮ' ಅಂತ ಬರೆದ ಪ್ರಬಂಧ ಇನ್ನೂ ನನ್ನ ಹತ್ತಿರ ಇದೆ. "ನನ್ನ ಅಮ್ಮ ಸೈನ್ಯದ ಆಫೀಸಿನಲ್ಲಿ ಪಟ್ಟಿ ಮಾಡುತ್ತಾಳೆ" ಅಂತ ಬರೆದಿದ್ದೆ. ಟೀಚರ್ ಅದರ ಕೆಳಗೆ ಕೆಂಪು ಗೆರೆ ಎಳೆದಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ ಕಣೇ. ನಾನು ಮಾಡಿದ್ದು ಅದನ್ನೇ. ಯಾರು, ಏನು, ಎಷ್ಟು, ಎಲ್ಲಿಂದ ಎಲ್ಲಿಗೆ, ಯಾವ ದಿನ. ಬಂದೂಕು ಮುಟ್ಟಿದವಳಲ್ಲ, ಸಮವಸ್ತ್ರ ಹಾಕಿದವಳಲ್ಲ. ಸಲ್ಯೂಟ್ ಹೊಡೆಯಲೂ ಬರುವುದಿಲ್ಲ.

ನಿನಗೆ ಮೊದಲ ವಾರ ಎರಡು ಪದ ಗೊಂದಲ ಮಾಡುತ್ತವೆ. ಪ್ಲಾನ್ ಅಂದರೆ ಇವತ್ತು ಕೈಯಲ್ಲಿ ಇರುವುದರಲ್ಲೇ ಏನು ಮಾಡಬಹುದು ಅನ್ನುವ ಲೆಕ್ಕ. ಪ್ರೋಗ್ರಾಂ ಅಂದರೆ ಐದಾರು ವರ್ಷ ಬಿಟ್ಟು ಕೈಯಲ್ಲಿ ಏನಿರಬೇಕು, ಅದಕ್ಕೆ ವರ್ಷಕ್ಕೆ ಎಷ್ಟು ದುಡ್ಡು ಬೇಕು ಅನ್ನುವ ಲೆಕ್ಕ. ಇವನ್ನು ಬಜೆಟ್ ಜೊತೆ ಒಂದೇ ದಾರದಲ್ಲಿ ಪೋಣಿಸುವ ಪದ್ಧತಿಯನ್ನು 1960ರ ದಶಕದ ಶುರುವಿನಲ್ಲಿ ಅಮೆರಿಕದ ರಕ್ಷಣಾ ಇಲಾಖೆಗೆ ತಂದವರು ಆಗಿನ ರಕ್ಷಣಾ ಮಂತ್ರಿ ರಾಬರ್ಟ್ ಮ್ಯಾಕ್‌ನಮಾರ ಮತ್ತು ಚಾರ್ಲ್ಸ್ ಹಿಚ್. ಮೊದಲನೆಯವರು ಕಾರು ಕಂಪನಿಯಿಂದ ಬಂದವರು, ಎರಡನೆಯವರು ಅರ್ಥಶಾಸ್ತ್ರಜ್ಞರು. ಎಣಿಸಲು ಬರುವುದನ್ನೇ ನೆಚ್ಚಿ ಕೂತರೆ ಏನಾಗುತ್ತದೆ ಅಂತ ಅದೇ ಮ್ಯಾಕ್‌ನಮಾರ ಆಮೇಲೆ ವಿಯೆಟ್ನಾಂ ಯುದ್ಧದಲ್ಲಿ ಎಡವಿ ತೋರಿಸಿಕೊಟ್ಟರು, ಆ ಮಾತು ಬೇರೆ.

ಪಟ್ಟಿ ಯಾಕೆ ಮುಖ್ಯ ಅಂತ ಕೇಳು. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಬ್ರಿಟಿಷರು ತುರ್ಕಿಯ ಗಲಿಪೊಲಿ ತೀರಕ್ಕೆ ಸೈನ್ಯ ಕಳಿಸಿದರು. ಹಡಗುಗಳಿಗೆ ಸಾಮಾನು ತುಂಬುವಾಗ ದಡದಲ್ಲಿ ಮೊದಲು ಏನು ಬೇಕು ಅಂತ ಯಾರೂ ಯೋಚಿಸಿರಲಿಲ್ಲ. ಮೊದಲು ಇಳಿಯಬೇಕಾದ್ದು ಕೊನೆಗೆ ಹಡಗು ಏರಬೇಕು, ಅಲ್ವಾ? ಅಲ್ಲಿ ಫಿರಂಗಿ ಒಂದು ಕಡೆ, ಗುಂಡು ಇನ್ನೊಂದು ಕಡೆ. ಕೊನೆಗೆ ಹಡಗುಗಳು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿಗೆ ಹೋಗಿ, ಎಲ್ಲ ಇಳಿಸಿ, ಮತ್ತೆ ತುಂಬಿಸಿಕೊಂಡು ಬರಬೇಕಾಯಿತು. ದಡಕ್ಕೆ ಇಳಿಯುವ ಹೊತ್ತಿಗೆ ಏಪ್ರಿಲ್ 25. ಸಿಕ್ಕ ಬಿಡುವಿನಲ್ಲಿ ತುರ್ಕಿಯವರು ಕಂದಕ ತೋಡಿ, ತಂತಿ ಬೇಲಿ ಕಟ್ಟಿಕೊಂಡು ಕಾಯುತ್ತಿದ್ದರು. 67 ವರ್ಷ ಕಳೆದು, ಅರ್ಜೆಂಟೀನಾ ಜೊತೆಗಿನ 1982ರ ಫಾಕ್‌ಲೆಂಡ್ಸ್ ಯುದ್ಧಕ್ಕೆ ಹೊರಟಾಗಲೂ ಅವಸರದಲ್ಲಿ ತುಂಬಿದ ಸಾಮಾನನ್ನು ದಾರಿಯಲ್ಲಿ ಅಟ್ಲಾಂಟಿಕ್ ಸಾಗರದ ಅಸೆನ್ಶನ್ ದ್ವೀಪದ ಹತ್ತಿರ ನಿಂತು ಮತ್ತೆ ಜೋಡಿಸಿಕೊಂಡರು. ಅದೇ ದೇಶ, ಅದೇ ತಾಪತ್ರಯ.

ನನ್ನದೂ ಒಂದು ಇದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಕೆಲಸಕ್ಕೆ ಸೇರಿ ನಾಲ್ಕನೇ ವರ್ಷ. ಒಂದು ಹಳೇ ಪ್ಲಾನಿನ ಅನುಬಂಧದಲ್ಲಿ "ಭಾರಿ ವಾಹನಗಳು ಸುತ್ತು ದಾರಿಯಲ್ಲೇ ಹೋಗತಕ್ಕದ್ದು" ಅಂತ ಒಂದು ಸಾಲು ಇತ್ತು. ಹೊಸದಾಗಿ ಬಂದ ಕರ್ನಲ್ ಅದು ಯಾಕೆ ಅಂತ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಬರೆದವರು ವರ್ಗವಾಗಿ ಹೋಗಿ ಎಷ್ಟೋ ಕಾಲ ಆಗಿತ್ತು. ನೇರ ದಾರಿಯಲ್ಲಿ ಮೂರು ಗಂಟೆ ಉಳಿಯುತ್ತಿತ್ತು. ನಾನೇ ಆ ಸಾಲು ಹೊಡೆದುಹಾಕಿದೆ. ಸ್ವಲ್ಪ ಹೆಮ್ಮೆಯಿಂದಲೇ ಅನ್ನು. ಮುಂದಿನ ತಾಲೀಮಿನಲ್ಲಿ ಟ್ಯಾಂಕ್ ಹೊತ್ತ ಟ್ರೇಲರುಗಳು ನಡುರಾತ್ರಿ ಒಂದು ಸೇತುವೆಯ ಮುಂದೆ ಹೋಗಿ ನಿಂತವು. ಆ ಸೇತುವೆ ಅಷ್ಟು ಭಾರ ತಡೆಯುವುದಿಲ್ಲ. ತಿರುಗಿಸಲು ಜಾಗವಿಲ್ಲ. ಒಂದೊಂದನ್ನೇ ಟಾರ್ಚ್ ಹಿಡಿದು ಹಿಮ್ಮುಖವಾಗಿ ತೆಗೆಯುವಷ್ಟರಲ್ಲಿ ಬೆಳಗಾಯಿತು. ಅದು ಬರೀ ತಾಲೀಮು ಆಗಿದ್ದರಿಂದ ನಾನು ಬಚಾವ್.

ಕರ್ನಲ್ ನನ್ನನ್ನು ಬೈಯಲಿಲ್ಲ. ಎರಡು ವರ್ಷಕ್ಕೆ ಅವರಿಗೂ ವರ್ಗವಾಯಿತು. ಯೂನಿಫಾರ್ಮಿನವರು ಬರುತ್ತಾರೆ, ಹೋಗುತ್ತಾರೆ, ಅದೇ ಅವರ ನೌಕರಿ. ಆ ಕೋಣೆಯಲ್ಲಿ ಉಳಿಯುವವಳು ನೀನು. ನಾನು ಆವತ್ತಿನಿಂದ ಪ್ರತಿ ಸಾಲಿನ ಪಕ್ಕ ಕಾರಣ ಬರೆಯಲು ಶುರು ಮಾಡಿದೆ. ಇದು ಯಾಕೆ, ಯಾರು ಹೇಳಿದ್ದು, ಯಾವ ಲೆಕ್ಕದ ಮೇಲೆ. ನೋಡಿದವರು ನಕ್ಕರು. ಪ್ಲಾನಿಗಿಂತ ಟಿಪ್ಪಣಿಯೇ ಉದ್ದ ಅಂದರು. ಅನ್ನಲಿ ಬಿಡು.

1980ರ ಏಪ್ರಿಲ್ 24ರ ಕಥೆ ಗೊತ್ತಾ? ಟೆಹ್ರಾನಿನಲ್ಲಿ ಒತ್ತೆಯಾಳಾಗಿದ್ದ ತಮ್ಮವರನ್ನು ಬಿಡಿಸಲು ಅಮೆರಿಕದವರು 8 ಹೆಲಿಕಾಪ್ಟರ್ ಕಳಿಸಿದರು. ಕಡಿಮೆ ಅಂದರೂ 6 ಬೇಕು ಅಂತ ಮೊದಲೇ ಬರೆದಿಟ್ಟಿದ್ದರು. ಒಂದು ದಾರಿಯಲ್ಲೇ ಕೆಟ್ಟಿತು. ಒಂದು ಧೂಳಿನಲ್ಲಿ ದಾರಿ ಕಾಣದೆ ವಾಪಸಾಯಿತು. ಮರುಭೂಮಿಗೆ ಇಳಿದ ಆರರಲ್ಲಿ ಇನ್ನೊಂದು ಕೆಟ್ಟಿತು. ಉಳಿದದ್ದು 5. ಅಲ್ಲಿಗೆ ವಾಪಸ್ ಹೊರಡಲು ನಿರ್ಧರಿಸಿದರು. ಅಷ್ಟು ದೂರ ಹೋಗಿ, ಐದಿದೆಯಲ್ಲ, ಹೋಗೇ ಬಿಡೋಣ ಅನ್ನದೇ ಇರುವುದಕ್ಕೆ ಗಟ್ಟಿ ಮನಸ್ಸು ಬೇಕು. ತಣ್ಣಗಿದ್ದಾಗ ಕೂತು ಬರೆದ ಆ 6 ಅನ್ನುವ ಅಂಕಿ ಅವರ ಬೆನ್ನಿಗೆ ನಿಂತಿತ್ತು ಅಂತ ನನಗನ್ನಿಸುತ್ತದೆ. ಆದರೆ ಹೊರಡುವ ಗಡಿಬಿಡಿಯಲ್ಲಿ ಒಂದು ಹೆಲಿಕಾಪ್ಟರ್ ಪಕ್ಕದ ವಿಮಾನಕ್ಕೆ ಬಡಿದು 8 ಜನ ಸತ್ತರು. ಆಮೇಲೆ ಅಡ್ಮಿರಲ್ ಹಾಲೊವೇ ನೇತೃತ್ವದ ತನಿಖಾ ತಂಡ ಒಂದು ವಿಷಯ ಹೇಳಿತು. ಗುಟ್ಟು ಕಾಪಾಡುವ ಭರದಲ್ಲಿ ಎಲ್ಲರೂ ಒಟ್ಟಿಗೆ ಸೇರಿ ಪೂರ್ತಿ ತಾಲೀಮೇ ಮಾಡಿರಲಿಲ್ಲ. ಹೊರಗಿನ ಕಣ್ಣೊಂದು ಕೂತು ಪ್ಲಾನನ್ನು ಪರೀಕ್ಷಿಸಿರಲೂ ಇಲ್ಲ. ಹಾಗಾಗಿ ಯಾರಾದರೂ "ಮೇಡಂ, ಇದು ನೀವು ನೋಡುವಂಥದ್ದಲ್ಲ" ಅಂದರೆ ಸುಮ್ನೆ ಎದ್ದು ಬರಬೇಡ. ಹಾಗಾದರೆ ಯಾರು ನೋಡಿದ್ದಾರೆ ಅಂತ ಕೇಳು.

ಆರ್ಡರ್ ಕೊಡುವ ಅಧಿಕಾರ ನಿನಗಿರುವುದಿಲ್ಲ. ಕೇಳುವುದಷ್ಟೇ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಪ್ಯಾಟ್ರಿಕ್ ಬ್ಲ್ಯಾಕೆಟ್ ಅನ್ನುವ ಭೌತವಿಜ್ಞಾನಿಯ ತಂಡ ಕೇಳಿದ್ದೂ ಇಂಥದ್ದೇ. ವಿಮಾನ ಬಾಂಬು ಹಾಕುವ ಕ್ಷಣದಲ್ಲಿ ಜಲಾಂತರ್ಗಾಮಿ ಎಷ್ಟು ಆಳದಲ್ಲಿರುತ್ತದೆ? ಬಾಂಬು ಸಿಡಿಯುತ್ತಿದ್ದದ್ದು 100 ಅಡಿ ಆಳದಲ್ಲಿ. ಆಗಷ್ಟೇ ಮುಳುಗಲು ಶುರುಮಾಡಿದ ಜಲಾಂತರ್ಗಾಮಿ ಅಷ್ಟು ಕೆಳಗೆ ಹೋಗಿರುವುದೇ ಇಲ್ಲ. 25 ಅಡಿಗೆ ಇಳಿಸಿದ್ದೇ ತಡ, ಏಟು ತಾಗತೊಡಗಿತು. ಜರ್ಮನರು ಇವರಿಗೆ ದೊಡ್ಡ ಬಾಂಬು ಸಿಕ್ಕಿರಬೇಕು ಅಂದುಕೊಂಡರಂತೆ.

ಇನ್ನೊಂದು ವಿಷಯ ಫೋನಿನಲ್ಲಿ ಹೇಳಲು ಆಗುತ್ತಿರಲಿಲ್ಲ. ಪ್ರತಿ ಪ್ಲಾನಿನಲ್ಲೂ 'ಆಸ್ಪತ್ರೆ ಹಾಸಿಗೆ' ಅಂತ ಒಂದು ಅಂಕಣ ಇರುತ್ತದೆ. ಅದನ್ನು ಯಾರಾದರೂ ತುಂಬಲೇಬೇಕು. ಮೊದಲ ದಿನ ಇಷ್ಟು, ಎರಡನೇ ದಿನ ಇಷ್ಟು. ಹಾಸಿಗೆ ಅಂತ ಬರೆದರೂ ಎಣಿಸುವುದು ಜನರನ್ನು. ಕಡಿಮೆ ಬರೆದರೆ ಗಾಯಾಳು ನೆಲದ ಮೇಲೆ ಮಲಗುತ್ತಾನೆ. ನೀನು ಏಳನೇ ಕ್ಲಾಸಿನಲ್ಲಿದ್ದಾಗ ನಾನೊಂದು ವಾರ ನಿನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಮಾರ್ಕ್ಸ್ ಕಡಿಮೆ ಬಂತು ಅಂತ ಸಿಟ್ಟು ಅಂದುಕೊಂಡಿದ್ದೆ ನೀನು. ಆ ವಾರ ನಾನು ಆ ಅಂಕಣ ತುಂಬುತ್ತಿದ್ದೆ. ಆ ಪ್ಲಾನು ಆಮೇಲೆ ಕಪಾಟು ಸೇರಿತು, ಹೊರಗೆ ಬರಲೇ ಇಲ್ಲ. ನಾನು ಮಾಡಿದ ಕೆಲಸದಲ್ಲಿ ಬಹುಪಾಲು ಹಾಗೆಯೇ ಧೂಳು ತಿನ್ನುತ್ತಿದೆ, ಅದು ನನಗೆ ಸಂತೋಷವೇ. ನಿನಗೆ ಹಾಗನ್ನಿಸುತ್ತದಾ ಅಂತ ಸೇರುವ ಮೊದಲು ಯೋಚಿಸು. ಮಾಡಿದ್ದು ಕಣ್ಣಿಗೆ ಕಾಣಬೇಕು ಅನ್ನುವ ಸ್ವಭಾವ ನಿನ್ನದು. ಚಿಕ್ಕಂದಿನಿಂದಲೂ ಹಾಗೆ.

ನಾನು ಬೇಡ ಅನ್ನುವುದಿಲ್ಲ. ಸೇರು ಅಂತ ಒತ್ತಾಯವನ್ನೂ ಮಾಡುವುದಿಲ್ಲ.

ಸೇರಿದರೆ, ಮೊದಲ ದಿನವೇ ಫೋನನ್ನು ಬಾಗಿಲ ಹೊರಗಿನ ಲಾಕರಿನಲ್ಲಿ ಇಡಿಸುತ್ತಾರೆ. ಆ ಸ್ಮಾರ್ಟ್ ವಾಚನ್ನೂ ಬಿಚ್ಚಿಸುತ್ತಾರೆ. ನಾನಿದ್ದ ಕೋಣೆಗೆ ಕಿಟಕಿ ಇರಲಿಲ್ಲ, ಹೊತ್ತು ಹೋಗಿದ್ದೇ ತಿಳಿಯುತ್ತಿರಲಿಲ್ಲ. ನನ್ನ ಹಳೇ ಕೀಲಿ ವಾಚು ಮೇಜಿನ ಎರಡನೇ ಡ್ರಾಯರಿನಲ್ಲಿದೆ, ತಗೊಂಡು ಹೋಗು. ಪಟ್ಟಿ ಸ್ವಲ್ಪ ಸಡಿಲ, ಇನ್ನೊಂದು ತೂತು ಹಾಕಿಸಬೇಕು.

ನಿನ್ನ
ಅಮ್ಮ