ಎಣ್ಣೆ ಹೊಡೆಯುವ ಮುನ್ನ ಜೀರುಂಡೆಯನ್ನು ಗುರುತಿಸಬೇಕು

ಮಾನ್ಯ ಸಂಪಾದಕರೇ,

ತೊಗರಿ ಹೂವಾಡುವ ಈ ದಿನಗಳಲ್ಲಿ, ಹೊಲದಲ್ಲಿ ಕೆಂಪು-ಕಪ್ಪು ಬಣ್ಣದ ಹುಳು ಕಂಡರೆ ಸಾಕು, ಅದು ಯಾವುದೆಂದು ವಿಚಾರಿಸದೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವುದು ನಮ್ಮ ಮಾನ್ವಿ ತಾಲ್ಲೂಕಿನಲ್ಲಿ ರೂಢಿಯಾಗಿದೆ. ಹಾಗೆ ಮಾಡಿ ನಷ್ಟ ಅನುಭವಿಸಿದವರಲ್ಲಿ ನಾನೂ ಒಬ್ಬ.

ಈ ಬಣ್ಣದ ಎರಡು ಜೀರುಂಡೆಗಳು ನಮ್ಮಲ್ಲಿವೆ. ಮುಂದಿನ ರೆಕ್ಕೆಗಳು ಗಟ್ಟಿಯಾಗಿ ಚಿಪ್ಪಿನಂತೆ ಮೈ ಮುಚ್ಚಿರುವುದೊಂದನ್ನು ಬಿಟ್ಟರೆ ಅವುಗಳ ಬದುಕು ತೀರ ಬೇರೆ. ಹೂ ತಿನ್ನುವ ಜೀರುಂಡೆ ಸುಮಾರು ಒಂದು ಇಂಚು ಉದ್ದವಿದ್ದು, ಕಪ್ಪು ರೆಕ್ಕೆಗಳ ಮೇಲೆ ಕಿತ್ತಳೆಗೆಂಪು ಪಟ್ಟೆಗಳಿರುತ್ತವೆ. ತೊಗರಿ, ಅಲಸಂದಿ, ಬೆಂಡೆಯ ಹೂವನ್ನು ಅದು ತಿಂದುಹಾಕಿದ ಕಡೆ ಕಾಯಿ ಕಟ್ಟುವುದಿಲ್ಲ. ಬರಿಗೈಯಲ್ಲಿ ಹಿಡಿದರೆ ಅದರ ಮೈಯಿಂದ ಒಸರುವ ಕ್ಯಾಂಥರಿಡಿನ್ ಎಂಬ ವಿಷ ತಾಗಿ ಚರ್ಮದ ಮೇಲೆ ನೀರುಗುಳ್ಳೆಗಳು ಏಳುತ್ತವೆ. ಆದರೂ ಅದರ ಮರಿ ಮಣ್ಣಿನೊಳಗೆ ಮಿಡತೆಯ ಮೊಟ್ಟೆಗಳನ್ನು ತಿಂದು ಬೆಳೆಯುತ್ತದೆ ಎಂಬುದನ್ನೂ ಹೇಳಲೇಬೇಕು.

ಗುಲಗಂಜಿ ಹುಳು ಹಾಗಲ್ಲ. ಅಕ್ಕಸಾಲಿಗರು ಹಿಂದೆ ಚಿನ್ನ ತೂಗುತ್ತಿದ್ದ ಗುಲಗಂಜಿಯಷ್ಟೇ ಗಾತ್ರದ, ಗುಂಡನೆಯ ಈ ಜೀರುಂಡೆ ಹತ್ತಿ, ಜೋಳ, ಅಲಸಂದಿಯ ರಸ ಹೀರುವ ಹೇನುಗಳನ್ನು ಹುಡುಕಿ ತಿನ್ನುತ್ತದೆ. ಅದರ ಮರಿಯೂ ಹೇನನ್ನೇ ತಿನ್ನುತ್ತದೆ; ಆದರೆ ಸಣ್ಣ ಮೊಸಳೆಯಂತೆ ಕಾಣುವ ಆ ಕಪ್ಪು ಮರಿಯನ್ನು ನೋಡಿ ಹೆದರದ ರೈತರೇ ವಿರಳ. ನಾಲ್ಕು ವರ್ಷಗಳ ಹಿಂದೆ ನಾನು ಅಂಥ ಮರಿಗಳನ್ನು ಬಾಟಲಿಯಲ್ಲಿ ಹಿಡಿದು ಅಂಗಡಿಗೆ ಒಯ್ದಾಗ, ಅಲ್ಲಿಯವರು ಅದನ್ನು ಕೀಡೆಯೆಂದೇ ಹೇಳಿ ಎಣ್ಣೆ ಕೊಟ್ಟರು. ಹೊಡೆದ ಮೇಲೆ ಹೇನು ಕೆಲವು ದಿನ ಕಡಿಮೆಯಾಗಿ, ತಿನ್ನುವವರು ಯಾರೂ ಉಳಿಯದ ಹೊಲದಲ್ಲಿ ಮತ್ತೆ ಮುತ್ತಿಕೊಂಡು, ಎಲೆಗಳೆಲ್ಲ ಜಿಗುಟಾಗಿ ಕಪ್ಪು ಹಿಡಿದವು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಿತ್ತಳೆ ತೋಟಗಳನ್ನು ಉಳಿಸಲು 1888ರಲ್ಲಿ ಆಸ್ಟ್ರೇಲಿಯಾದಿಂದ ಈ ಕುಟುಂಬದ ಜೀರುಂಡೆಗಳನ್ನೇ ತರಿಸಿಕೊಂಡಿದ್ದರೆಂದು ಓದಿದಾಗ, ಪುಕ್ಕಟೆ ಸಿಕ್ಕಿದ್ದನ್ನು ದುಡ್ಡು ಕೊಟ್ಟು ಕೊಂದೆನಲ್ಲ ಎಂದು ಸಂಕಟವಾಯಿತು.

ಬದನೆ ಎಲೆಯನ್ನು ಕೆರೆದು ತಿನ್ನುವ ಚುಕ್ಕೆಯ ಜೀರುಂಡೆಯೂ ಗುಲಗಂಜಿ ಹುಳುವಿನ ಕುಟುಂಬದ್ದೇ ಆದ್ದರಿಂದ ಬರೀ ಬಾಯಿಮಾತಿನ ತಿಳಿವಳಿಕೆ ಸಾಲದು. ಹೂ ತಿನ್ನುವ ಜೀರುಂಡೆ ಕಡಿಮೆ ಇದ್ದಾಗ ಕೈಗವಸು ಹಾಕಿಕೊಂಡು ಆರಿಸಿ ಸಾಬೂನು ನೀರಿಗೆ ಹಾಕಿದರೂ ಹತೋಟಿಗೆ ಬರುತ್ತದೆ. ಆದ್ದರಿಂದ ಹೋಬಳಿಯ ರೈತ ಸಂಪರ್ಕ ಕೇಂದ್ರಗಳಲ್ಲಿ ಮತ್ತು ಎಣ್ಣೆ ಮಾರುವ ಪ್ರತಿ ಅಂಗಡಿಯಲ್ಲಿ ಈ ಜೀರುಂಡೆಗಳ ಬಣ್ಣದ ಚಿತ್ರಗಳನ್ನು, ಮುಖ್ಯವಾಗಿ ಗುಲಗಂಜಿ ಹುಳುವಿನ ಮರಿಯ ಚಿತ್ರವನ್ನು, ತೂಗುಹಾಕುವಂತೆ ಕೃಷಿ ಇಲಾಖೆಯನ್ನು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

— ಒಬ್ಬ ರೈತ, ಮಾನ್ವಿ ತಾಲ್ಲೂಕು, ರಾಯಚೂರು ಜಿಲ್ಲೆ