‘ಲ್ಯಾಗ್’ ಆಯಿತೆಂದರೆ ಎಡಿಟರ್ ಮೇಲೇಕೆ ಕೋಪ?

ಮಾನ್ಯರೇ,

ಸಿನಿಮಾ ವಿಮರ್ಶೆಯ ಕೊನೆಯ ಪ್ಯಾರಾದಲ್ಲಿ ಒಂದು ಸಾಲು ಕಾಯಂ ಆಗಿ ಬಂದು ಕೂತಿರುತ್ತದೆ: ‘ಸಂಕಲನಕಾರರು ಇನ್ನಷ್ಟು ಕತ್ತರಿ ಆಡಿಸಬಹುದಿತ್ತು.’ ಛಾಯಾಗ್ರಹಣಕ್ಕೆ ಶಹಬ್ಬಾಸ್, ಸಂಗೀತಕ್ಕೆ ಅರ್ಧ ಶಹಬ್ಬಾಸ್, ಸೆಕೆಂಡ್ ಹಾಫ್ ಲ್ಯಾಗ್ ಆಗಿದ್ದಕ್ಕೆ ಎಡಿಟರ್‌ಗೆ ಬೈಗುಳ. ತಪ್ಪು ಎಡಿಟರ್‌ದೇ ಆಗಿರುವುದೂ ಉಂಟು. ಆದರೆ ಆ ಸಾಲು ಬರೆಯುವ ಮುಂಚೆ ಒಂದು ಸಣ್ಣ ಲೆಕ್ಕ ಹಾಕಿ ನೋಡಬೇಕು.

ಎರಡು ಗಂಟೆಯ ಚಿತ್ರ, ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ), ಒಟ್ಟು 1,72,800 ಫ್ರೇಮ್. ಅದರಲ್ಲಿ 1,500 ಕಟ್, ಅಂದರೆ ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಜಾಗಗಳು, ಇವೆ ಎಂದುಕೊಳ್ಳಿ. ಒಂದೊಂದು ಕಟ್‌ನಲ್ಲೂ 6 ಫ್ರೇಮ್, ಅಂದರೆ ಕಾಲು ಸೆಕೆಂಡ್ ಬಿಗಿ ಮಾಡಿದರೆ ಕಡಿಮೆಯಾಗುವುದು 9,000 ಫ್ರೇಮ್, ಆರೂಕಾಲು ನಿಮಿಷ. ಅಷ್ಟಕ್ಕೆ ಪಾತ್ರಗಳು ಉಸಿರು ತೆಗೆದುಕೊಳ್ಳುವುದು, ಮಾತಿಗೆ ಮುಂಚೆ ತಡವರಿಸುವುದು, ಕಣ್ಣು ತಿರುಗಿಸುವುದು ಎಲ್ಲ ಹೋಗಿರುತ್ತದೆ. ಚಿತ್ರ ಚುರುಕಾಗುವುದಿಲ್ಲ, ಗಡಿಬಿಡಿಯಾಗುತ್ತದೆ. ಲ್ಯಾಗ್ ಹುಟ್ಟುವುದು ಹೆಚ್ಚಾಗಿ ಗೊತ್ತಿರುವುದನ್ನೇ ಮತ್ತೆ ಹೇಳುವುದರಿಂದ. ನಾಯಕನ ಕೆಲಸ ಹೋದದ್ದನ್ನು ಕಚೇರಿಯಲ್ಲೇ ನೋಡಿದ್ದೇವೆ. ಅದನ್ನೇ ಅವನು ಗೆಳೆಯನಿಗೆ ಫೋನಿನಲ್ಲಿ ಹೇಳುತ್ತಾನೆ, ರಾತ್ರಿ ಹೆಂಡತಿಗೆ ಹೇಳುತ್ತಾನೆ. ಮೂರರಲ್ಲಿ ಒಂದಾದರೂ ದೃಶ್ಯ ಇಡಿಯಾಗಿ ಹೋಗಬೇಕು. ಅದನ್ನು ತೀರ್ಮಾನಿಸುವವರು ನಿರ್ದೇಶಕರು, ನಿರ್ಮಾಪಕರು. ಗೆಳೆಯನ ಪಾತ್ರದವರು ಹೆಸರಾಂತ ನಟರಾಗಿದ್ದರೆ ಆ ದೃಶ್ಯ ಉಳಿದೇ ಉಳಿಯುತ್ತದೆ. ಇದರ ಉಲ್ಟಾ ಕೂಡ ನಡೆಯುತ್ತದೆ: ಉದ್ದವಾಯಿತೆಂದು ಮೊದಲರ್ಧದಲ್ಲಿ ಪಾತ್ರಗಳ ಪರಿಚಯದ ದೃಶ್ಯ ಕಿತ್ತರೆ ಚಿತ್ರ 8 ನಿಮಿಷ ಚಿಕ್ಕದಾಗುತ್ತದೆ, ನೋಡುವವರಿಗೆ ಮಾತ್ರ ಇನ್ನೂ ಉದ್ದ ಅನ್ನಿಸುತ್ತದೆ. ಯಾರ ಮೇಲೂ ಅಕ್ಕರೆ ಹುಟ್ಟದಿದ್ದರೆ ಅವರ ಕಷ್ಟ ನೋಡುತ್ತ ಎಷ್ಟು ಹೊತ್ತು ಕೂರಲಾಗುತ್ತದೆ?

ಕಟ್ ಎಲ್ಲಿ ಬೀಳಬೇಕು ಎಂಬುದಕ್ಕೆ ಒಂದೇ ಉದಾಹರಣೆ. ಮಗ ತಾಯಿಗೆ ಹೇಳುತ್ತಾನೆ: ‘ಆ ಮನೆ ನಾನು ಮಾರಲಿಲ್ಲ.’ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ‘ಇಲ್ಲ’ ಎಂಬುದು ಅದರ ತುದಿಗೆ ಅಂಟಿಕೊಂಡಿರುತ್ತದೆ. ‘ಮಾರ’ ಎನ್ನುವವರೆಗೂ ಮನೆ ಹೋಯಿತೋ ಉಳಿಯಿತೋ ತಾಯಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಮಾತು ಮುಗಿದ ಮೇಲೆ ತಾಯಿಯ ಮುಖಕ್ಕೆ ಕಟ್ ಮಾಡಿದರೆ ಇವನು ಹೇಳಿದ, ಅವಳು ನೋಡಿದಳು, ಅಷ್ಟೇ. ‘ಆ ಮನೆ’ ಎಂಬಲ್ಲೇ ಚಿತ್ರವನ್ನು ತಾಯಿಯ ಕಡೆ ತಿರುಗಿಸಿ ಮಗನ ದನಿಯನ್ನು ಹಾಗೇ ಹರಿಯಬಿಟ್ಟರೆ ‘ಲಿಲ್ಲ’ ಕಿವಿಗೆ ಬೀಳುವಾಗ ನಮ್ಮ ಕಣ್ಣು ಅವಳ ಮೇಲಿರುತ್ತದೆ. ಎಲ್ ಕಟ್ ಎನ್ನುವುದು ಇದನ್ನೇ. ಆ ಮುಖದಲ್ಲಿ ನಿರಾಳ ಮೂಡಲು 12 ಫ್ರೇಮ್ ಸಾಕೋ 30 ಬೇಕೋ ಎಂಬುದನ್ನು ನಟಿಯ ಕಣ್ಣು ನೋಡಿಯೇ ತಿಳಿಯಬೇಕು. ಕ್ರಿಯಾಪದ ಮೊದಲೇ ಬಂದುಬಿಡುವ ಭಾಷೆಯಲ್ಲಿ ಕಟ್ ಬೇರೆ ಕಡೆ ಬೀಳುತ್ತದೆ. ಅಂಥ ಭಾಷೆಯಿಂದ ಕನ್ನಡಕ್ಕೆ ಡಬ್ ಆದ ಚಿತ್ರದಲ್ಲಿ ತುಟಿ ಚೆನ್ನಾಗಿ ಕೂಡಿದ್ದರೂ ಸುದ್ದಿ ತಿಳಿಯುವ ಮೊದಲೇ ಮುಖಗಳು ಬೆಚ್ಚಿಬೀಳುವುದಕ್ಕೆ ಇದೊಂದು ಕಾರಣ.

ಹೀಗೆ ದನಿ ಹರಿಸುವುದರಲ್ಲಿ ಇನ್ನೊಂದು ಉಪಾಯವೂ ಅಡಗಿದೆ. 4ನೇ ಟೇಕ್‌ನಲ್ಲಿ ಕಣ್ಣು ಚೆನ್ನ, 2ನೇ ಟೇಕ್‌ನಲ್ಲಿ ದನಿ ಚೆನ್ನ ಎಂಬುದು ಎಡಿಟಿಂಗ್ ರೂಮಿನ ದಿನದ ಪಾಡು. ತಾಯಿಯ ಮುಖದ ಅಡಿಯಲ್ಲಿ 2ನೇ ಟೇಕ್‌ನ ಮಗನ ಮಾತು ಇಟ್ಟರೆ ಯಾರಿಗೂ ತಿಳಿಯುವುದಿಲ್ಲ. ಬೆಸುಗೆಯ ನಡುವೆ ಉಳಿಯುವ ಮೌನದ ತೂತು ಮುಚ್ಚಲು ಮಾತ್ರ ಅದೇ ಕೋಣೆಯ ಖಾಲಿ ಸದ್ದು, ರೂಮ್ ಟೋನ್, ಬೇಕು. ಚಿತ್ರೀಕರಣದವರು ಒಂದು ನಿಮಿಷ ಸುಮ್ಮನೆ ನಿಂತು ಅದನ್ನು ರೆಕಾರ್ಡ್ ಮಾಡಿ ಕಳಿಸದಿದ್ದರೆ ಫ್ಯಾನಿನ ಗುಂಯ್ ಸದ್ದು ಮಾತು ಮಾತಿಗೂ ಕಡಿದು ಕಡಿದು ಬರುತ್ತದೆ.

ಕಟ್‌ಗೂ ಮುಂಚಿನ ಗಾಣದೆತ್ತಿನ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. 40 ಗಂಟೆಯ ರಷಸ್ (ಚಿತ್ರೀಕರಣದ ಕಚ್ಚಾ ದೃಶ್ಯಗಳು) ಬಂದಿದ್ದರೆ ಒಂದು ಸಲ ನೋಡಿ ಮುಗಿಸಲಿಕ್ಕೇ ದಿನಕ್ಕೆ 8 ಗಂಟೆಯಂತೆ 5 ದಿನ. ಕ್ಯಾಮೆರಾ ಕಾರ್ಡಿನಿಂದ ಎರಡು ಡ್ರೈವ್‌ಗೆ ನಕಲು, ನಕಲು ಮೂಲದಂತೆಯೇ ಇದೆಯೇ ಎಂದು ಚೆಕ್‌ಸಮ್ ತಾಳೆ, ಮೂರನೆಯ ಪ್ರತಿ ಬೇರೆ ಕಟ್ಟಡದಲ್ಲಿ, ಅದಾದ ಮೇಲಷ್ಟೇ ಕಾರ್ಡ್ ಫಾರ್ಮ್ಯಾಟ್. ಆಮೇಲೆ ಪ್ರಾಕ್ಸಿ, ಅಂದರೆ ಎಡಿಟಿಂಗ್‌ಗೆಂದು ಮಾಡುವ ಹಗುರ ಪ್ರತಿ; ಬಳಿಕ ಸಿಂಕ್, ಅಂದರೆ ಚಿತ್ರಕ್ಕೆ ದನಿ ಕೂಡಿಸುವುದು. ಕ್ಲ್ಯಾಪ್ ಬೋರ್ಡಿನ ಎರಡು ಪಟ್ಟಿ ಕೂಡುವ ಮೊದಲ ಫ್ರೇಮನ್ನು ದನಿಯ ಅಲೆಯಲ್ಲಿ ಚೂಪಾಗಿ ಏಳುವ ಗೆರೆಗೆ ಹೊಂದಿಸುವುದು ಸಹಾಯಕರ ಕೆಲಸ. ಕ್ಯಾಮೆರಾ ಓಡುವ ಮುಂಚೆಯೇ ಕ್ಲ್ಯಾಪ್ ಹೊಡೆದಿದ್ದರೆ, ಬೋರ್ಡಿಗೆ ಯಾರದೋ ಕೈ ಅಡ್ಡ ಬಂದಿದ್ದರೆ, ಮಾತಿನಲ್ಲಿ ‘ಪ’, ‘ಬ’, ‘ಮ’ ಹುಡುಕಿಕೊಂಡು ಹೋಗಬೇಕು. ತುಟಿ ಪೂರ್ತಿ ಮುಚ್ಚಿ ತೆರೆಯುವ ಅಕ್ಷರಗಳು ಅವು.

ಸಿಂಕ್ ಕೈಕೊಡುವುದು ಹೀಗೆ: ಕ್ಯಾಮೆರಾ 24 ಫ್ರೇಮ್‌ನಲ್ಲಿ ತೆಗೆದದ್ದು ಎಡಿಟಿಂಗ್ ಪ್ರಾಜೆಕ್ಟ್‌ನಲ್ಲಿ 23.976 ಆಗಿ ಓಡಿದರೆ ಚಿತ್ರ ನಿಧಾನವಾಗುತ್ತದೆ, ದನಿ ಗಂಟೆಗೆ 3.6 ಸೆಕೆಂಡ್ ಮುಂದೆ ಹೋಗುತ್ತದೆ. ಒಂದು ನಿಮಿಷದ ಟೇಕ್‌ನಲ್ಲಿ ಅದು ಒಂದೂವರೆ ಫ್ರೇಮ್, ಯಾರೂ ಗಮನಿಸರು. 10 ನಿಮಿಷದ ಸಂದರ್ಶನದಲ್ಲಿ 14 ಫ್ರೇಮ್, ಮಗುವಿಗೂ ಕಾಣುತ್ತದೆ. ಮೊಬೈಲ್‌ನಲ್ಲಿ ತೆಗೆದ ವಿಡಿಯೊಗಳ ಫ್ರೇಮ್ ರೇಟ್ ಹೆಚ್ಚಾಗಿ ಏರಿಳಿಯುತ್ತಿರುವುದರಿಂದ ಅವನ್ನು ಮೊದಲೇ ಸ್ಥಿರ ದರಕ್ಕೆ ಬದಲಾಯಿಸಿಕೊಳ್ಳದೆ ಟೈಮ್‌ಲೈನ್‌ಗೆ ಎಳೆಯಲೇಬಾರದು.

ಪಿಕ್ಚರ್ ಲಾಕ್, ಅಂದರೆ ಇನ್ನು ಒಂದು ಫ್ರೇಮೂ ಬದಲಿಸುವುದಿಲ್ಲ ಎಂಬ ಮಾತಿಗಂತೂ ಈಗ ಬೆಲೆ ಉಳಿದಿಲ್ಲ. ಲಾಕ್ ಆಗಿ ವಾರ ಕಳೆದ ಮೇಲೆ ‘ಹತ್ತೇ ಫ್ರೇಮ್ ತೆಗೀರಿ’ ಎಂಬ ಫೋನ್ ಬರುತ್ತದೆ. 2ನೇ ರೀಲ್‌ನ ನಡುವೆ 10 ಫ್ರೇಮ್ ಹೋದರೆ ಆ ರೀಲ್‌ನಲ್ಲಿ ಅದರ ಮುಂದಿನದೆಲ್ಲ 10 ಫ್ರೇಮ್ ಮುಂಚೆ ಬರುತ್ತದೆ. ಡಬ್ಬಿಂಗ್, ಎಫೆಕ್ಟ್ಸ್, ಹಿನ್ನೆಲೆ ಸಂಗೀತ, ಸಬ್‌ಟೈಟಲ್, ಡಿಐ (ಬಣ್ಣ ಹೊಂದಿಸುವ ಕೆಲಸ), ಎಲ್ಲರ ಫೈಲ್‌ಗಳೂ ಅಷ್ಟೇ ಸರಿಯಬೇಕು. ಒಬ್ಬರು ಮರೆತರೂ ಬಾಗಿಲು ಮುಚ್ಚಿ ಅರ್ಧ ಸೆಕೆಂಡ್ ಹತ್ತಿರ ಕಳೆದ ಮೇಲೆ ‘ಧಡ್’ ಕೇಳಿಸುತ್ತದೆ. ಫಿಲ್ಮ್ ಸುರುಳಿ ಹೋದರೂ ಚಿತ್ರವನ್ನು ಸುಮಾರು 20 ನಿಮಿಷದ ರೀಲ್‌ಗಳಾಗಿ ಇನ್ನೂ ಒಡೆಯುವುದು ಈ ಅನಾಹುತ ಒಂದೇ ರೀಲ್‌ನೊಳಗೆ ಉಳಿಯಲಿ ಎಂದು. ರೀಲ್‌ನ ಮೊದಲ ಫ್ರೇಮ್‌ಗೆ ಸರಿಯಾಗಿ 2 ಸೆಕೆಂಡ್ ಮುಂಚೆ ಒಂದೇ ಫ್ರೇಮ್ ಉದ್ದದ ಬೀಪ್ ಹಾಕುವುದು ಚಿತ್ರ, ದನಿ ಕೂಡಿವೆಯೇ ಎಂದು ಎಲ್ಲರೂ ತಾಳೆ ನೋಡಲು. ನೆಗೆಟಿವ್ ಕತ್ತರಿಸುತ್ತಿದ್ದ ಕಾಲದಲ್ಲಿ ಹಿಂದಕ್ಕೆ ಹೋಗುವುದು ಸುಲಭವಿರಲಿಲ್ಲ, ಹತ್ತು ಸಲ ಯೋಚಿಸಿ ಹೂಂ ಅನ್ನುತ್ತಿದ್ದರು. ಈಗ ‘ಅನ್‌ಡೂ’ ಇದೆಯಲ್ಲ ಎಂಬ ಧೈರ್ಯ.

ಧಾರಾವಾಹಿಯವರ ಕತೆ ಬೇರೆ. ಕಂತು 22 ನಿಮಿಷ ಇರಬೇಕು, ಚಿತ್ರೀಕರಣದಿಂದ ಬಂದದ್ದು 20 ನಿಮಿಷಕ್ಕೆ ಮುಗಿಯುತ್ತದೆ ಎಂದುಕೊಳ್ಳಿ. ಉಳಿದ ಎರಡು ನಿಮಿಷ ಎಲ್ಲಿಂದ ತರುವುದು? ಅತ್ತೆ, ಸೊಸೆ, ಬಾಗಿಲಲ್ಲಿ ನಿಂತ ಮೈದುನ, ಎಲ್ಲರ ಮುಖಕ್ಕೂ ಮೂರು ಮೂರು ಸಲ ಜೂಮ್. ಸಾಲದಿದ್ದರೆ ಹೋದ ವಾರದ ದೃಶ್ಯ ಕಪ್ಪು ಬಿಳುಪಿನಲ್ಲಿ. ನೋಡಿ ನಗುತ್ತಾರೆ, ನಗುವಂಥದ್ದೇ ಬಿಡಿ. ಮುಂಗಡ ಕಂತುಗಳ ಬ್ಯಾಂಕ್ ಖಾಲಿಯಾದ ಮೇಲೆ ಸಂಜೆ ತೆಗೆದದ್ದು ಮರುದಿನ ಪ್ರಸಾರ, ನಡುವಿನ ರಾತ್ರಿಯೇ ಎಡಿಟಿಂಗ್. ಎರಡು ಶಾಟ್ ನಡುವೆ ಒಂದು ಫ್ರೇಮ್ ಖಾಲಿ ಉಳಿದು ತೆರೆ ಮಿಣುಕುವುದು, ಮ್ಯೂಟ್ ಮಾಡಿದ ಟ್ರ್ಯಾಕ್ ಹಾಗೇ ಉಳಿಯುವುದು, ಪ್ರಾಕ್ಸಿಯ ಮೇಲಿನ ಟೈಮ್‌ಕೋಡ್ ಅಂಕಿಗಳು ಪ್ರಸಾರಕ್ಕೇ ಹೋಗುವುದು, ಇವೆಲ್ಲ ಬೆಳಗಿನ ಜಾವದ ತಪ್ಪುಗಳು. ಸಿದ್ಧವಾದ ಫೈಲನ್ನು ಮೊದಲಿಂದ ಕೊನೆವರೆಗೆ ಫಾರ್ವರ್ಡ್ ಮಾಡದೆ ಒಮ್ಮೆ ನೋಡಿದರೆ ಬಹುಪಾಲು ಸಿಕ್ಕಿಬೀಳುತ್ತವೆ. ಅದಕ್ಕೆ 22 ನಿಮಿಷ ಬೇಕು, ಅವಸರದಲ್ಲಿ ಮೊದಲು ಕೈಬಿಡುವುದೂ ಆ 22 ನಿಮಿಷವನ್ನೇ.

ವಿಮರ್ಶಕರಲ್ಲಿ ಕೇಳಿಕೊಳ್ಳುವುದು ಇಷ್ಟು: ‘ಕತ್ತರಿ’ಯ ಸಾಲಿನ ಬದಲು ಯಾವ ದೃಶ್ಯ ಎಳೆಯಿತು, ಆ ಹೊತ್ತಿಗೆ ನಿಮಗೆ ಏನೇನು ಆಗಲೇ ಗೊತ್ತಿತ್ತು ಎಂದು ಬರೆಯಿರಿ. ನಿರ್ಮಾಪಕರು ಲಾಕ್ ಆದ ಮೇಲೆ ಎಷ್ಟು ಸಲ ಬದಲಾವಣೆ, ಅದಕ್ಕೂ ಮೀರಿದರೆ ದಿನಕ್ಕೆ ಎಷ್ಟು ಸಂಭಾವನೆ ಎಂಬುದನ್ನು ಒಪ್ಪಂದದಲ್ಲೇ ಬರೆಯಲಿ. ‘ಪ’, ‘ಬ’, ‘ಮ’ ಹುಡುಕಿದ ಸಹಾಯಕರ ಹೆಸರು ಟೈಟಲ್ ಕಾರ್ಡಿನಲ್ಲಿ ಬರಲಿ, ಕಾಗುಣಿತ ತಪ್ಪಿಲ್ಲದೆ.

– ಸಂಕಲನ ವಿಭಾಗದ ಕೆಲಸಗಾರರು